ಚಕ್ರದಡಿಯ ಒತ್ತಡಕ್ಕೆ ಎಕ್ಸೆಲ್ ಹಾಳೆಯೋ, ಮೆಶ್ ಮಾಡೆಲ್ಲೋ?

ಹಾಯ್ಸ್ಟಿನ (ಭಾರ ಎತ್ತುವ ಯಂತ್ರದ) ಟ್ರಾಲಿ ಚಕ್ರ ತಾನು ಓಡುವ ಬೀಮನ್ನು ಎಷ್ಟು ಒತ್ತುತ್ತದೆ ಎಂದು ನೋಡಲು ಎರಡು ದಾರಿ: ಎಕ್ಸೆಲ್‌ನಲ್ಲಿ ಸೂತ್ರ ಹಾಕುವುದು, ಇಲ್ಲವೇ ಬೀಮನ್ನು ಸಣ್ಣ ಸಣ್ಣ ತುಂಡುಗಳ ಬಲೆ (ಮೆಶ್) ಮಾಡಿ ಸಾಫ್ಟ್‌ವೇರಿಗೆ ಕೊಡುವುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಕ್ಸೆಲ್ ಹಾಳೆಗೆ.

ಬಳ್ಳಾರಿಯ ನಮ್ಮ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ 3 ಟನ್ ಹಾಯ್ಸ್ಟಿಗೆ ಐಎಸ್‌ಎಂಬಿ 300 ಬೀಮ್ (300 ಮಿಲಿಮೀಟರ್ ಎತ್ತರದ, I ಆಕಾರದ ಉಕ್ಕಿನ ತೊಲೆ) ಹಾಕಿದ್ದೆವು. ಲೆಕ್ಕ ನನ್ನದೇ. ಇಡೀ ಬೀಮ್ ಬಾಗುವುದಕ್ಕೆ 110 ಮೆಗಾಪಾಸ್ಕಲ್ ಒತ್ತಡ ಬಂತು, ಮಿತಿ 165. ಸಾಕು ಅಂದುಕೊಂಡೆ. ಆರು ತಿಂಗಳಾದ ಮೇಲೆ ಫಿಟ್ಟರ್ ಕರೆದ: "ಸರ್, ಬೀಮಿನ ತುಟಿ ಜೋತು ಬಿದ್ದೈತೆ ನೋಡ್ರಿ." ಟ್ರಾಲಿ ಚಕ್ರ ಓಡುವ ಕೆಳ ಫ್ಲ್ಯಾಂಜಿನ, ಅಂದರೆ ಬೀಮಿನ ಕೆಳಗಿನ ಅಗಲ ಪಟ್ಟಿಯ, ಅಂಚು ಅದು. ಅಲ್ಲಿ ಚಕ್ರ ಒತ್ತುವುದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹುಡುಗರು ಲೋಡನ್ನು ಓರೆಯಾಗಿ ಎಳೆಯುವುದು ಬೇರೆ.

ಹೊಸ ಬೀಮಿಗೆ ಮೊದಲು ಗೆಳೆಯನ ಸಾಫ್ಟ್‌ವೇರಿನಲ್ಲಿ ಶೆಲ್ ಮಾಡೆಲ್ (ಬೀಮನ್ನು ತೆಳು ಹಾಳೆಗಳಂತೆ ಹಿಡಿಯುವ ಮೆಶ್ ಮಾಡೆಲ್) ಮಾಡಿದೆ. ಬಣ್ಣಬಣ್ಣದ ಚಿತ್ರ ಚೆಂದವೇ. ಆದರೆ ಚಕ್ರದ ಭಾರವನ್ನು ಒಂದು ಚುಕ್ಕಿಯ ಮೇಲೆ ಇಟ್ಟಿದ್ದೆ. ಮೆಶ್ ಸಣ್ಣ ಮಾಡಿದೆ, ಒತ್ತಡ ಏರಿತು. ಇನ್ನೂ ಸಣ್ಣ ಮಾಡಿದೆ, ಇನ್ನೂ ಏರಿತು. ಎಲ್ಲೂ ನಿಲ್ಲಲೇ ಇಲ್ಲ. ಅಳತೆಯೇ ಇಲ್ಲದ ಚುಕ್ಕಿಗೆ ಭಾರ ಕೊಟ್ಟರೆ ಇನ್ನೇನಾಗುತ್ತೆ?

ಸರಿ, ಭಾರವನ್ನು ಸ್ವಲ್ಪ ಜಾಗಕ್ಕೆ ಹರಡಿದೆ. ಎಷ್ಟು ಜಾಗಕ್ಕೆ? 10 ಮಿಲಿಮೀಟರ್ ಚೌಕಕ್ಕೆ ಒಂದು ಉತ್ತರ, 20ಕ್ಕೆ ಇನ್ನೊಂದು. ಮೇಲಾಗಿ ನಮ್ಮ ಬೀಮಿನ ಫ್ಲ್ಯಾಂಜ್ ಅಂಚಿಗೆ ಹೋದಂತೆ ತೆಳ್ಳಗಾಗುತ್ತದೆ. ಅದನ್ನು ಪಟ್ಟಿ ಪಟ್ಟಿ ಮಾಡಿ ಒಂದೊಂದಕ್ಕೂ ಬೇರೆ ದಪ್ಪ ಕೊಡಬೇಕಾಯಿತು. ಎರಡು ಸಂಜೆ ಸುಮ್ನೆ ಹೋಯಿತು.

ಎಕ್ಸೆಲ್ ಹಾಳೆಗೆ ಹಾಕಿದ್ದು ಯೂರೋಕೋಡ್ 3ರ (ಉಕ್ಕಿನ ರಚನೆಗಳ ಯುರೋಪಿನ ನಿಯಮಪುಸ್ತಕದ) 6ನೇ ಭಾಗದ ಸೂತ್ರ, ಅದು ಸರಳ. ಚಕ್ರದ ಭಾರವನ್ನು ದಪ್ಪದ ವರ್ಗದಿಂದ ಭಾಗಿಸಿ, ಚಕ್ರ ಅಂಚಿನಿಂದ ಎಷ್ಟು ದೂರ ಇದೆ ಅನ್ನುವುದರ ಮೇಲೆ ಬರುವ ಗುಣಕದಿಂದ ಗುಣಿಸಬೇಕು. ಇಳಿಜಾರು ಫ್ಲ್ಯಾಂಜಿಗೆ ಬೇರೆ ಗುಣಕಗಳಿವೆ, 8 ಡಿಗ್ರಿ ಲೆಕ್ಕದಲ್ಲಿ. ನಮ್ಮ ಐಎಸ್‌ಎಂಬಿಯ ಇಳಿಜಾರೂ ಅಷ್ಟೇ! ಒಂದು ಎಚ್ಚರ: ದಪ್ಪವನ್ನು ಚಕ್ರ ಕೂರುವ ಜಾಗದಲ್ಲೇ ತೆಗೆದುಕೊಳ್ಳಿ. ಬೀಮಿನ ಅಳತೆ ಪುಸ್ತಕದ 12.4 ಮಿಲಿಮೀಟರ್ ನನ್ನ ಚಕ್ರದ ಕೆಳಗೆ, ಅಂಚಿನಿಂದ 20 ಮಿಲಿಮೀಟರ್ ಒಳಗೆ, 10.6 ಮಾತ್ರ.

ಹಳೆ ಬೀಮಿಗೆ ಚಕ್ರವೊಂದಕ್ಕೆ 9.2 ಕಿಲೋನ್ಯೂಟನ್ ಹಾಕಿದೆ. ಅಂಚಿನ ಹತ್ತಿರ, ಬೀಮಿನ ಉದ್ದಕ್ಕೆ, ಸುಮಾರು 130 ಮೆಗಾಪಾಸ್ಕಲ್ ಬಂತು. ಇಡೀ ಬೀಮ್ ಬಾಗುವ 110 ಸೇರಿಸಿದರೆ 240. ಉಕ್ಕು ಸೋಲುವುದೇ 250ಕ್ಕೆ! ಐಎಸ್‌ಎಂಬಿ 400ರ ಅಗಲವೂ 140 ಮಿಲಿಮೀಟರೇ, ಹಾಗಾಗಿ ಟ್ರಾಲಿ ಬದಲಿಸಬೇಕಿಲ್ಲ. ಅದರಲ್ಲಿ ಎರಡೂ ಸೇರಿ ಸುಮಾರು 135. ಅದನ್ನೇ ಹಾಕಿಸಿದೆ.

ಖರ್ಚು? ಹಾಳೆಗೆ ಏನೂ ಇಲ್ಲ, ಸಾಫ್ಟ್‌ವೇರಿಗೆ ವರ್ಷ ವರ್ಷ ಲೈಸೆನ್ಸ್. ತಿಂಗಳಿಗೆ ಒಂದೆರಡು ಬೀಮ್ ನೋಡುವ ನನಗೆ ಅದು ಜಾಸ್ತಿಯೇ. ಆದರೆ ಬೀಮಿನ ತುದಿಗೆ ಬಂದ ಚಕ್ರಕ್ಕೆ ಆ ಸೂತ್ರ ಸಾಲದು. ಅಲ್ಲಿಗೆ ಮಾತ್ರ ಈಗಲೂ ಗೆಳೆಯನ ಬಾಗಿಲು ಬಡಿಯುತ್ತೇನೆ.