ಸಂಡೂರು ರಸ್ತೆಯಲ್ಲಿ ಫಿಯೆಟ್ ಮತ್ತು ಮಸ್ಟ್ಯಾಂಗ್

ಇಟಲಿಯ ಫಿಯೆಟ್ ಕಾರಿನ ಮಾದರಿಯಲ್ಲಿ ಇಲ್ಲೇ ತಯಾರಾದ ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯನ್ನು ಓಣಿಯವರೆಲ್ಲ ಇಂದಿಗೂ ಫಿಯೆಟ್ ಎಂದೇ ಕರೆಯುತ್ತಾರೆ. 1089 ಸಿಸಿ ಎಂಜಿನ್, ನಲವತ್ತರ ಆಸುಪಾಸಿನ ಅಶ್ವಶಕ್ತಿ, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್. ಸೋದರಮಾವನ ಮಗನ ಬಳಿ ಇರುವುದು ಫೋರ್ಡ್ ಮಸ್ಟ್ಯಾಂಗ್ ಜಿಟಿ. 2016ರಲ್ಲಿ ಭಾರತಕ್ಕೆ ಬಂದ ಈ ಗಾಡಿಗೆ ಐದು ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್. ಅಶ್ವಶಕ್ತಿ ಹತ್ತಿರ ಹತ್ತಿರ ಹತ್ತು ಪಟ್ಟು. ಎರಡನ್ನೂ ಬಳ್ಳಾರಿಯಿಂದ ತೋರಣಗಲ್ಲಿನ ಮೇಲೆ ಸಂಡೂರಿಗೆ ಓಡಿಸಿದ್ದೇನೆ. ಹಗಲಿಗಾದರೆ ನನಗೆ ಫಿಯೆಟ್ ಸಾಕು. ಕತ್ತಲಾದರೆ ಮಸ್ಟ್ಯಾಂಗ್ ಬೇಕು.

ಕುಡತಿನಿ ದಾಟಿ ಮಸ್ಟ್ಯಾಂಗಿನ ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ. ಆ ಸುಖ ಮುಂದಿನ ಅದಿರು ಲಾರಿಯವರೆಗೆ ಮಾತ್ರ. ಆಮೇಲೆ ಅಷ್ಟೂ ಕುದುರೆಗಳು ಕೆಂಧೂಳು ಕುಡಿಯುತ್ತ ಲಾರಿಯ ಹಿಂದೆ ನಡೆಯಬೇಕು. ಫಿಯೆಟ್ಟಿನಲ್ಲಿ ಹಾಗಲ್ಲ. ಸಂಡೂರಿನ ಬೆಟ್ಟಗಳ ನಡುವಿನ ಭೀಮನಗಂಡಿಯ ತಿರುವುಗಳಲ್ಲಿ ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸಿ, ಎಂಜಿನ್ನಿನಲ್ಲಿ ಇದ್ದಷ್ಟನ್ನೂ ಹಿಂಡಿ ತೆಗೆಯಬಹುದು. ಪವರ್ ಸ್ಟಿಯರಿಂಗ್ ಇಲ್ಲದ ಕಾರಣ ರಸ್ತೆಯ ಒಂದೊಂದು ತರಕಲೂ ಅಂಗೈಗೆ ತಿಳಿಯುತ್ತದೆ.

ಊರೂರಿನ ರಸ್ತೆ ಉಬ್ಬುಗಳಲ್ಲೂ ಫಿಯೆಟ್ಟೇ ನಿರಾಳ. ಅದರ ಮುಂದಿನ ಹಿಂದಿನ ಚಕ್ರಗಳ ನಡುವೆ 2340 ಮಿಲಿಮೀಟರ್ ಅಂತರ, ಮಸ್ಟ್ಯಾಂಗಿನಲ್ಲಿ 2720. ಉದ್ದ ಹೆಚ್ಚಾದಷ್ಟೂ ಹೊಟ್ಟೆ ಉಬ್ಬಿಗೆ ತಾಗುವ ಭಯ ಹೆಚ್ಚು, ಹಾಗಾಗಿ ಓರೆಯಾಗಿ ಹತ್ತಿಸಿ ಇಳಿಸಬೇಕು. ಹಿಂದೆ ಕುಳಿತ ಅತ್ತೆಯಂತೂ, "ಹತ್ತಿದ್ದೇನೋ ಆಯಿತು, ಇಳಿಯುವುದು ಹೇಗಪ್ಪಾ?" ಎಂದರು. ಮಸ್ಟ್ಯಾಂಗ್ ಎರಡೇ ಬಾಗಿಲಿನ ಗಾಡಿ.

ಏಪ್ರಿಲ್ ಬಿಸಿಲಿನಲ್ಲಿ ಲೆಕ್ಕ ತಿರುಗುತ್ತದೆ. ಫಿಯೆಟ್ಟಿನ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ರೈಲ್ವೆ ಗೇಟಿನಲ್ಲಿ ನಿಂತರೆ ಒಳಗಿನ ಪೆಟ್ರೋಲ್ ಆವಿಯಾಗಿ ಎಂಜಿನ್ ಕೆಮ್ಮುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯಬೇಕು. ಮಸ್ಟ್ಯಾಂಗಿನವನು ಅಷ್ಟರಲ್ಲಿ ಎ.ಸಿ.ಯಲ್ಲಿ ಕುಳಿತು ನಗುತ್ತಿರುತ್ತಾನೆ.

ಬ್ರೇಕಿನ ವಿಷಯದಲ್ಲಿ ಚರ್ಚೆಯೇ ಇಲ್ಲ. ಫಿಯೆಟ್ಟಿನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಮಂಕು ದೀಪ. ಮಸ್ಟ್ಯಾಂಗಿಗೆ ನಾಲ್ಕೂ ಡಿಸ್ಕ್, ಜೊತೆಗೆ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್. ಹಿಂದಿನ ದೀಪ ಉರಿಯದ ಲಾರಿ ಇರುಳಿನಲ್ಲಿ ಎದುರಾದಾಗ ಹಳೆಯದರ ಮೇಲಿನ ಮಮತೆ ಗಾಡಿಯನ್ನು ನಿಲ್ಲಿಸುವುದಿಲ್ಲ.

ರಿಪೇರಿಗೆ ಬಂದರೆ ಮತ್ತೆ ಫಿಯೆಟ್. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ನಮ್ಮ ಮೆಕ್ಯಾನಿಕ್ ಒಂದು ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ ಸರಿಪಡಿಸುತ್ತಾರೆ. ಮಸ್ಟ್ಯಾಂಗಿನ ಬಾನೆಟ್ ತೆರೆದಾಗ ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡು ನೋಡಿದರು, ಮುಟ್ಟಲಿಲ್ಲ.