ಒಂದೇ ಮೇಕ್‌ಫೈಲ್, ಮೂರು ಎಡಿಟರ್: ಬಿಲ್ಡ್-ಡಿಬಗ್ ಸೆಟ್ಟಿಂಗಿಗೆ ಯಾವುದು ವಾಸಿ?

ವಿಎಸ್ ಕೋಡ್, ಸಿಲಯನ್, ವಿಮ್ ಈ ಮೂರರ ಹೋಲಿಕೆಗೆ ಇಟ್ಟುಕೊಂಡದ್ದು ಲಿನಕ್ಸ್ ಮೇಲಿನ ಒಂದು ಸಣ್ಣ ಸಿ ಪ್ರಾಜೆಕ್ಟ್. ಸೋರ್ಸ್ ಫೈಲುಗಳೂ ಮೇಕ್‌ಫೈಲೂ (ಬಿಲ್ಡ್ ಹೇಗೆಂದು ‘ಮೇಕ್’ ಪ್ರೋಗ್ರಾಮಿಗೆ ಹೇಳುವ ಫೈಲ್) ಎಸ್‌ಆರ್‌ಸಿ ಫೋಲ್ಡರಿನಲ್ಲಿವೆ; ಕಂಪೈಲರ್ ಜಿಸಿಸಿ, ಡಿಬಗರ್ ಜಿಡಿಬಿ. ಒಂದು ಕೀ ಒತ್ತಿದರೆ ಬಿಲ್ಡ್ ಆಗಿ ಬ್ರೇಕ್‌ಪಾಯಿಂಟಿನಲ್ಲಿ (ನಿಲ್ಲಲೆಂದು ನಾವು ಗುರುತು ಹಾಕಿದ ಸಾಲಿನಲ್ಲಿ) ನಿಲ್ಲಬೇಕು, ಆ ಸೆಟ್ಟಿಂಗು ಗಿಟ್ ಮೂಲಕ ಜೊತೆಯವರಿಗೂ ಸಿಗಬೇಕು.

ವಿಎಸ್ ಕೋಡ್‌ನಲ್ಲಿ ಬಿಲ್ಡ್‌ಗೆ ಟಾಸ್ಕ್ಸ್.ಜೇಸನ್, ಡಿಬಗ್‌ಗೆ ಲಾಂಚ್.ಜೇಸನ್. ಇವೆರಡನ್ನು ಬೆಸೆಯುವುದು ‘ಪ್ರಿಲಾಂಚ್‌ಟಾಸ್ಕ್’ ಎಂಬ ಒಂದೇ ಸಾಲು. ಅಲ್ಲಿ ಬರೆದ ಹೆಸರು ಟಾಸ್ಕಿನ ‘ಲೇಬಲ್’ಗೆ ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಟಾಸ್ಕ್ ಸಿಗಲಿಲ್ಲ ಎಂದು ಎಫ್5 (ಡಿಬಗ್ ಶುರುಮಾಡುವ ಕೀ) ಅಲ್ಲೇ ನಿಲ್ಲುತ್ತದೆ. ಸಿ ಎಕ್ಸ್‌ಟೆನ್ಷನ್ ತಾನಾಗಿ ಬರೆದುಕೊಡುವ ಟಾಸ್ಕನ್ನು ಹಾಗೇ ಉಳಿಸಿಕೊಳ್ಳಬೇಡಿ. ಅದು ಎದುರಿಗೆ ತೆರೆದಿರುವ ಒಂದೇ ಫೈಲನ್ನು ಕಂಪೈಲ್ ಮಾಡುತ್ತದೆ. ಎರಡನೇ ಸಿ ಫೈಲ್ ಬಂದ ಕೂಡಲೇ ಲಿಂಕರ್ (ಕಂಪೈಲ್ ಆದ ತುಣುಕುಗಳನ್ನು ಒಂದು ಪ್ರೋಗ್ರಾಮಾಗಿ ಜೋಡಿಸುವ ಸಾಧನ) ‘ಅನ್‌ಡಿಫೈನ್ಡ್ ರೆಫರೆನ್ಸ್’ ಎನ್ನುತ್ತದೆ. ಲಾಂಚ್.ಜೇಸನ್ ತಿದ್ದಿ ಅದೇ ಟ್ಯಾಬಿನಲ್ಲಿದ್ದು ಎಫ್5 ಒತ್ತಿದರಂತೂ ಬಿಲ್ಡ್ ಆಗುವುದೇ ಇಲ್ಲ. ಬದಲಿಗೆ ಕಮಾಂಡ್ ಜಾಗದಲ್ಲಿ ‘ಮೇಕ್’, ಆರ್ಗ್ಸ್‌ನಲ್ಲಿ ‘-ಸಿ’ (ಇಂಗ್ಲಿಷಿನ ದೊಡ್ಡಕ್ಷರ; ಈ ಫೋಲ್ಡರಿಗೆ ಇಳಿ ಎಂಬ ಸೂಚನೆ) ಮತ್ತು ‘ಎಸ್‌ಆರ್‌ಸಿ’ ಹಾಕಿ. ಗ್ರೂಪಿನಲ್ಲಿ ಕೈಂಡ್ ‘ಬಿಲ್ಡ್’, ಈಸ್‌ಡಿಫಾಲ್ಟ್ ‘ಟ್ರೂ’ ಮಾಡಿದರೆ ಕಂಟ್ರೋಲ್-ಶಿಫ್ಟ್-ಬಿ ಒತ್ತಿದಾಗ ಮರುಪ್ರಶ್ನೆ ಇಲ್ಲದೆ ಓಡುತ್ತದೆ.

ಇಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಪ್ರಾಬ್ಲಮ್ ಮ್ಯಾಚರ್‌ನಲ್ಲಿ, ಅಂದರೆ ಬಿಲ್ಡಿನ ಸಾಲುಗಳಿಂದ ಎರರ್‌ನ ಫೈಲು, ಸಾಲು ಹೆಕ್ಕುವ ನಿಯಮದಲ್ಲಿ. ಮೇಕ್ ಒಳ ಫೋಲ್ಡರಿಗೆ ಇಳಿದು ಕಂಪೈಲ್ ಮಾಡಿಸುವುದರಿಂದ ಜಿಸಿಸಿ ಬರೀ ‘ಪಾರ್ಸರ್.ಸಿ, 42ನೇ ಸಾಲು’ ಎಂದು ಎರರ್ ಕೊಡುತ್ತದೆ. ಮೇಕ್ ಅದಕ್ಕೆ ಮೊದಲೇ ‘ಎಂಟರಿಂಗ್ ಡೈರೆಕ್ಟರಿ’ ಎಂದು ಹೇಳಿರುತ್ತದೆ, ಆದರೆ ಜಿಸಿಸಿ ಮ್ಯಾಚರ್ ಆ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರರ್ ಮೇಲೆ ಕ್ಲಿಕ್ ಮಾಡಿದರೆ ಆ ಫೈಲೇ ಇಲ್ಲ ಎನ್ನುತ್ತದೆ. ಮ್ಯಾಚರ್‌ನ ‘ಬೇಸ್’ಗೆ ಜಿಸಿಸಿ ಇಟ್ಟು, ‘ಫೈಲ್‌ಲೊಕೇಶನ್’ಗೆ ‘ರಿಲೇಟಿವ್’ ಜೊತೆ ಎಸ್‌ಆರ್‌ಸಿಯ ಪೂರ್ತಿ ದಾರಿ ಕೊಟ್ಟರೆ ಸರಿಯಾಗುತ್ತದೆ. ಒಳ ಫೋಲ್ಡರುಗಳು ನಾಲ್ಕೈದಾದರೆ ಇದು ನಿಜಕ್ಕೂ ತಲೆನೋವು.

ಇನ್ನೆರಡು ವಿಷಯ. ‘ಡಿಪೆಂಡ್ಸ್‌ಆನ್’ನಲ್ಲಿ (ಒಂದು ಟಾಸ್ಕಿಗೆ ಮೊದಲು ಓಡಬೇಕಾದ ಟಾಸ್ಕುಗಳ ಪಟ್ಟಿ) ಕ್ಲೀನ್, ಬಿಲ್ಡ್ ಎಂದು ಸಾಲಾಗಿ ಬರೆದರೂ ಎರಡೂ ಒಟ್ಟಿಗೇ ಶುರುವಾಗುತ್ತವೆ, ಒಂದು ಬರೆಯುತ್ತಿರುವುದನ್ನು ಇನ್ನೊಂದು ಅಳಿಸುತ್ತದೆ. ‘ಡಿಪೆಂಡ್ಸ್‌ಆರ್ಡರ್’ಗೆ ‘ಸೀಕ್ವೆನ್ಸ್’ ಕೊಡಲೇಬೇಕು. ಬಿಲ್ಡ್ ಸೋತಾಗ ಬರುವ ‘ಡಿಬಗ್ ಎನಿವೇ’ ಬಟನ್ ಒತ್ತಿದರೆ ಓಡುವುದು ಹಳೆಯ ಬೈನರಿ, ಹಾಗಾಗಿ ಸಾಲುಗಳು ತಾಳೆಯಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಡಿಬಗ್.ಆನ್‌ಟಾಸ್ಕ್‌ಎರರ್ಸ್’ ಅನ್ನು ‘ಅಬಾರ್ಟ್’ ಮಾಡಿಬಿಡುವುದು ಒಳ್ಳೆಯದು.

ಸಿಲಯನ್‌ನಲ್ಲಿ ಇಷ್ಟು ಬರವಣಿಗೆ ಇಲ್ಲ. ಸಿಮೇಕ್ (ಮೇಕ್‌ಫೈಲಿನಂಥ ಬಿಲ್ಡ್ ಫೈಲುಗಳನ್ನು ತಾನೇ ಹುಟ್ಟಿಸುವ ಸಾಧನ) ಪ್ರಾಜೆಕ್ಟಾದರೆ ಪ್ರತಿ ಟಾರ್ಗೆಟ್‌ಗೂ ಕಾನ್ಫಿಗರೇಶನ್ ತಾನೇ ಹುಟ್ಟುತ್ತದೆ, ‘ಬಿಫೋರ್ ಲಾಂಚ್’ ಪಟ್ಟಿಯಲ್ಲಿ ಬಿಲ್ಡ್ ಮೊದಲೇ ಇರುತ್ತದೆ, ಡಿಬಗ್‌ಗೆ ಶಿಫ್ಟ್-ಎಫ್9 ಒತ್ತಿದರೆ ಸಾಕು. ಈ ಸುಖಕ್ಕೆ ಸಾಟಿಯಿಲ್ಲ. ಮೇಕ್‌ಫೈಲ್ ಪ್ರಾಜೆಕ್ಟಿನಲ್ಲಿ ಮಾತ್ರ ಎಕ್ಸಿಕ್ಯೂಟಬಲ್ ಯಾವುದೆಂದು ಕೈಯಾರೆ ತೋರಿಸಬೇಕು. ಇಲ್ಲಿಯ ತೊಡಕು ಹಂಚಿಕೊಳ್ಳುವುದರಲ್ಲಿ. ‘ಸ್ಟೋರ್ ಆ್ಯಸ್ ಪ್ರಾಜೆಕ್ಟ್ ಫೈಲ್’ಗೆ ಟಿಕ್ ಹಾಕದಿದ್ದರೆ ಕಾನ್ಫಿಗರೇಶನ್ ವರ್ಕ್‌ಸ್ಪೇಸ್.ಎಕ್ಸ್‌ಎಂಎಲ್ ಒಳಗೆ ಸೇರುತ್ತದೆ. ಅದನ್ನು ಸಾಮಾನ್ಯವಾಗಿ ಗಿಟ್‌ಗೆ ಸೇರಿಸುವುದಿಲ್ಲ, ಹಾಗಾಗಿ ಬೇರೆಯವರ ಯಂತ್ರಕ್ಕೆ ಏನೂ ಹೋಗುವುದಿಲ್ಲ. 2025ರಿಂದ ವಾಣಿಜ್ಯೇತರ ಬಳಕೆಗೆ ಇದು ಉಚಿತ. ಕಂಪನಿ ಕೆಲಸಕ್ಕೆ ಲೈಸೆನ್ಸ್ ಬೇಕು.

ವಿಮ್‌ನಲ್ಲಿ ‘ಮೇಕ್‌ಪಿಆರ್‌ಜಿ’ ಎಂಬ ಸೆಟ್ಟಿಂಗಿಗೆ ಅದೇ ‘ಮೇಕ್ -ಸಿ ಎಸ್‌ಆರ್‌ಸಿ’ ಕಮಾಂಡ್ ಕೊಡಿ, ಸ್ಪೇಸ್‌ಗಳ ಮುಂದೆ ಬ್ಯಾಕ್‌ಸ್ಲ್ಯಾಷ್ ಮರೆಯಬೇಡಿ. ‘:ಮೇಕ್’ ಓಡಿಸಿ ‘:ಕೋಪನ್’ ಕೊಟ್ಟರೆ ಎರರ್‌ಗಳ ಪಟ್ಟಿ ಬರುತ್ತದೆ. ವಿಎಸ್ ಕೋಡ್ ಎಡವಿದ ಜಾಗದಲ್ಲಿ ವಿಮ್ ಗೆಲ್ಲುತ್ತದೆ: ಅದರ ಎರರ್‌ಫಾರ್ಮ್ಯಾಟ್ (ಎರರ್ ಸಾಲುಗಳನ್ನು ಓದುವ ನಿಯಮ) ‘ಎಂಟರಿಂಗ್ ಡೈರೆಕ್ಟರಿ’ ಸಾಲನ್ನು ಹಿಂಬಾಲಿಸುವುದರಿಂದ ಸರಿಯಾದ ಫೈಲೇ ತೆರೆಯುತ್ತದೆ. ಮೇಕ್‌ಗೆ ‘ನೋ-ಪ್ರಿಂಟ್-ಡೈರೆಕ್ಟರಿ’ ಕೊಟ್ಟಿದ್ದರೆ ಈ ಅನುಕೂಲ ತಪ್ಪುತ್ತದೆ. ಡಿಬಗ್‌ಗೆ 2018ರ ವಿಮ್ 8.1ರಲ್ಲಿ ಬಂದ ಟರ್ಮ್‌ಡಿಬಗ್ ಇದೆ (ವಿಮ್ ಒಳಗೇ ಜಿಡಿಬಿ ಓಡಿಸುವ ಪ್ಲಗಿನ್), ‘:ಪ್ಯಾಕ್‌ಆ್ಯಡ್ ಟರ್ಮ್‌ಡಿಬಗ್’ ಎಂದು ಕರೆಯಬೇಕು. ಆದರೆ ಜಿಡಿಬಿ ಮುಚ್ಚಿದರೆ ಬ್ರೇಕ್‌ಪಾಯಿಂಟುಗಳೂ ಹೋದವು. ಜಿಡಿಬಿಯ ‘ಸೇವ್ ಬ್ರೇಕ್‌ಪಾಯಿಂಟ್ಸ್’ನಿಂದ ಫೈಲಿಗೆ ಬರೆದು, ಆಮೇಲೆ ‘ಸೋರ್ಸ್’ ಮಾಡಿ ತರಬೇಕು. ಎಸ್‌ಎಸ್‌ಎಚ್‌ನಲ್ಲಿ (ದೂರದ ಯಂತ್ರಕ್ಕೆ ಟರ್ಮಿನಲ್ ಮೂಲಕ ಲಾಗಿನ್ ಆಗಿ) ಸರ್ವರ್ ಮೇಲೆ ಕೂತು ಕೆಲಸ ಮಾಡುವವರಿಗೆ ಇದೇ ಸರಿ.

ಬೇರೆ ಬೇರೆ ಭಾಷೆಯ ಕೋಡ್ ಇರುವ ತಂಡಕ್ಕೆ ನನ್ನ ಆಯ್ಕೆ ವಿಎಸ್ ಕೋಡ್, ಬರೀ ಸಿಮೇಕ್ ಆದರೆ ಸಿಲಯನ್. ಎರಡರಲ್ಲೂ ಒಂದು ಮಾತು ಗಟ್ಟಿ: ಕಂಪೈಲರ್ ಫ್ಲ್ಯಾಗ್‌ಗಳನ್ನು ಎಡಿಟರಿನ ಫೈಲಿಗೆ ತುರುಕಬೇಡಿ, ಎಡಿಟರ್ ಮೇಕನ್ನೋ ಸಿಮೇಕನ್ನೋ ಕರೆದರೆ ಸಾಕು. ಇಲ್ಲವಾದರೆ ಸಿಐ ಸರ್ವರಿನಲ್ಲಿ (ತಂಡದ ಕೋಡನ್ನು ತಾನಾಗಿ ಬಿಲ್ಡ್ ಮಾಡುವ ಯಂತ್ರ) ಒಂದು ಬಿಲ್ಡ್, ನಿಮ್ಮ ಮೇಜಿನ ಮೇಲೆ ಇನ್ನೊಂದು.

ಹಾಗೆ ಮಾಡಿದ ಮೇಲೂ ‘ಆಪ್ಟಿಮೈಜ್ಡ್ ಔಟ್’ ಎಂದು ವೇರಿಯಬಲ್ ಬೆಲೆ ಕಾಣದಿದ್ದರೆ ತಪ್ಪು ಎಡಿಟರಿನದಲ್ಲ. ಮೇಕ್ ನೋಡುವುದು ಫೈಲಿನ ಸಮಯವನ್ನು, ಫ್ಲ್ಯಾಗ್ ಬದಲಾದದ್ದನ್ನಲ್ಲ. ‘-ಓ2’ (ಕೋಡನ್ನು ವೇಗಗೊಳಿಸಲು ಬದಲಿಸುವ ಫ್ಲ್ಯಾಗ್) ತೆಗೆದು ‘-ಜಿ -ಓ0’ (ಡಿಬಗ್ ಮಾಹಿತಿ ಸೇರಿಸಿ, ಆ ಬದಲಾವಣೆ ಬಿಡುವ ಫ್ಲ್ಯಾಗ್‌ಗಳು) ಹಾಕಿದರೂ ಹಳೆಯ ಆಬ್ಜೆಕ್ಟ್ ಫೈಲುಗಳೇ ಲಿಂಕ್ ಆಗುತ್ತವೆ. ಡಿಬಗ್‌ಗೂ ರಿಲೀಸ್‌ಗೂ ಬೇರೆ ಬೇರೆ ಬಿಲ್ಡ್ ಫೋಲ್ಡರ್ ಇಟ್ಟು, ಲಾಂಚ್.ಜೇಸನ್‌ನ ‘ಪ್ರೋಗ್ರಾಮ್’ ಡಿಬಗ್ ಫೋಲ್ಡರಿನ ಬೈನರಿಯನ್ನೇ ತೋರಿಸುತ್ತಿದೆಯೇ ಎಂದು ನೋಡಿಕೊಳ್ಳಿ.