ಕಿತ್ತಳೆ ದೀಪ, ಹಸಿರು ದೀಪ: ಎಂಎಲ್30 ಸರ್ವರ್ ಜೊತೆ ಐದು ಮಳೆಗಾಲ

ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಸಹಕಾರಿ ಸೊಸೈಟಿಯ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಎಚ್‌ಪಿಇ ಪ್ರೋಲಿಯಂಟ್ ಎಂಎಲ್30 ಜೆನ್10, ಅದರ ಮೇಲೆ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ. ನನ್ನ ಮನೆಯಿಂದ ಅಲ್ಲಿಗೆ 14 ಕಿಲೋಮೀಟರ್. ಮಳೆಗಾಲದಲ್ಲಿ ತಂತಿ ಮೇಲೆ ಒಂದು ಮರ ಬಿದ್ದರೆ ಅರ್ಧ ದಿನ ಕರೆಂಟ್ ಇರುವುದಿಲ್ಲ. ಹಾಗಾಗಿ ಪ್ರೊಸೆಸರ್ ಎಷ್ಟು ವೇಗ ಅನ್ನುವುದಕ್ಕಿಂತ, ಆರಿದ ಸರ್ವರ್ ಮತ್ತೆ ಹೇಗೆ ಏಳುತ್ತದೆ ಅನ್ನುವುದೇ ನನಗೆ ಮುಖ್ಯ. ಈ ವಿಮರ್ಶೆ ಅದರ ಬಗ್ಗೆ ಮಾತ್ರ.

ಈ ಸರ್ವರ್‌ನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಐಲೋ. ಸರ್ವರ್ ಒಳಗೇ ಇರುವ ಇನ್ನೊಂದು ಪುಟ್ಟ ಕಂಪ್ಯೂಟರ್ ಇದು. ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಸರ್ವರ್ ಆಫ್ ಆಗಿದ್ದರೂ ಇದು ಎಚ್ಚರವಾಗಿರುತ್ತದೆ. ಬ್ರೌಸರ್‌ನಲ್ಲಿ ತೆರೆದರೆ ಪವರ್ ಪುಟದಲ್ಲಿ ನಾಲ್ಕು ಬಟನ್: ಮೊಮೆಂಟರಿ ಪ್ರೆಸ್, ಪ್ರೆಸ್ ಆ್ಯಂಡ್ ಹೋಲ್ಡ್, ರೀಸೆಟ್, ಕೋಲ್ಡ್ ಬೂಟ್.

ಇವುಗಳ ವ್ಯತ್ಯಾಸ ತಿಳಿಯದೆ ಯಾರೂ ಮುಟ್ಟಬಾರದು. ಮೊದಲನೆಯದು ಪವರ್ ಬಟನ್ ಒಮ್ಮೆ ಒತ್ತಿ ಬಿಟ್ಟ ಹಾಗೆ. ಸರ್ವರ್ ಆಫ್ ಇದ್ದರೆ ಆನ್ ಆಗುತ್ತದೆ. ಆನ್ ಇದ್ದರೆ ಉಬುಂಟುಗೆ ಸೂಚನೆ ಹೋಗಿ, ಅದು ಎಲ್ಲವನ್ನೂ ಮುಚ್ಚಿಕೊಂಡು ಆಫ್ ಆಗುತ್ತದೆ. ಎರಡನೆಯದು ಬಟನ್ ಒತ್ತಿ ಹಿಡಿದ ಹಾಗೆ, ಯಾರನ್ನೂ ಕೇಳದೆ ಪವರ್ ಕಡಿಯುತ್ತದೆ. ರೀಸೆಟ್ ಪವರ್ ಕಡಿಯದೆ ಸರ್ವರನ್ನು ಮೊದಲಿನಿಂದ ಶುರು ಮಾಡುತ್ತದೆ. ಕೋಲ್ಡ್ ಬೂಟ್ ಪವರ್ ಕಡಿದು ಮತ್ತೆ ಕೊಡುತ್ತದೆ. ಒಮ್ಮೆ ಬ್ಯಾಕಪ್‌ನ ಯುಎಸ್‌ಬಿ ಡಿಸ್ಕ್ ಮಾಯವಾಗಿತ್ತು. ಎರಡು ಸಲ ರೀಸೆಟ್ ಮಾಡಿದರೂ ಬರಲಿಲ್ಲ. ಕೋಲ್ಡ್ ಬೂಟ್ ಮಾಡಿದ ಮೇಲೆ ಬಂತು, ಏಕೆಂದರೆ ಆ ಡಿಸ್ಕ್‌ಗೂ ಆಗ ಮಾತ್ರ ಪವರ್ ತಪ್ಪಿತ್ತು.

ಉಬುಂಟು ಮಾತು ಕೇಳುವಷ್ಟು ಕಾಲ ಇದ್ಯಾವುದೂ ಬೇಡ. ಎಸ್‌ಎಸ್‌ಎಚ್‌ನಲ್ಲಿ, ಅಂದರೆ ದೂರದಿಂದಲೇ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿಯಲ್ಲಿ, ಹೋಗಿ ರೀಬೂಟ್ ಕಮಾಂಡ್ ಕೊಡುವುದೇ ಸರಿ. ಮೊದಲ ವರ್ಷ ಕಚೇರಿಯಲ್ಲಿ ಒಬ್ಬರು ಸರ್ವರ್ ನಿಧಾನವಾಯಿತೆಂದು ಬಟನ್ ಒತ್ತಿ ಹಿಡಿದರು. ಡೇಟಾಬೇಸ್‌ನ ಎರಡು ಟೇಬಲ್ ಕೆಟ್ಟವು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಆದರೂ ಅಂದಿನ ರಸೀದಿಗಳನ್ನೆಲ್ಲ ಮತ್ತೆ ಕೂತು ಬರೆಯಬೇಕಾಯಿತು. ಈಗ ಬಟನ್ ಪಕ್ಕದಲ್ಲೇ ಚೀಟಿ ಅಂಟಿಸಿದ್ದೇನೆ: ‘ಒತ್ತಿ ಹಿಡಿಯಬೇಡಿ, ಫೋನ್ ಮಾಡಿ’.

ಇನ್ನು ಕರೆಂಟ್ ವಿಷಯ. ನಾನು ಜಾಸ್ತಿ ಕಲಿತದ್ದು ಇಲ್ಲೇ. ಕರೆಂಟ್ ಬಂದಾಗ ಏನು ಮಾಡಬೇಕು ಅನ್ನುವುದಕ್ಕೆ ಬಯಾಸ್‌ನಲ್ಲಿ (ಉಬುಂಟುಗೂ ಮೊದಲು ಓಡುವ, ಸರ್ವರ್‌ನ ಮೂಲ ತಂತ್ರಾಂಶ) ಮೂರು ಆಯ್ಕೆ ಇವೆ: ಯಾವಾಗಲೂ ಆನ್ ಆಗು, ಆಫ್ ಆಗೇ ಇರು, ಹಿಂದೆ ಹೇಗಿದ್ದೆಯೋ ಹಾಗೇ ಇರು. ಮೂರನೆಯದು ಕೇಳಲು ಚೆನ್ನಾಗಿದೆ. ಆದರೆ ಯುಪಿಎಸ್ ಬ್ಯಾಟರಿ ಮುಗಿಯುತ್ತಿದೆ ಎಂದು ಸರ್ವರ್ ತಾನೇ ಶಟ್‌ಡೌನ್ ಆಗಿದ್ದರೆ, ‘ಹಿಂದಿನ ಸ್ಥಿತಿ’ ಅಂದರೆ ಆಫ್ ಅಲ್ವಾ? ಕರೆಂಟ್ ಬಂದರೂ ಅದು ಏಳುವುದಿಲ್ಲ. ಅದಕ್ಕೇ ‘ಯಾವಾಗಲೂ ಆನ್’ ಇಟ್ಟೆ.

ಆದರೂ ಒಂದು ಜುಲೈ ಬೆಳಿಗ್ಗೆ ಕಚೇರಿಯಿಂದ ಫೋನ್ ಬಂತು. ‘ಸರ್, ಕರೆಂಟ್ ಬಂದು ಒಂದು ಗಂಟೆ ಆಯ್ತು, ಸರ್ವರ್ ಆನ್ ಆಗಿಲ್ಲ. ಕಿತ್ತಳೆ ದೀಪ ಮಾತ್ರ ಇದೆ.’ ಆ ಕಿತ್ತಳೆ ದೀಪವೇ ಉತ್ತರ ಹೇಳಿತು. ಕಿತ್ತಳೆ ಅಂದರೆ ಪವರ್ ಬರುತ್ತಿದೆ, ಸರ್ವರ್ ಆನ್ ಆಗಿಲ್ಲ ಎಂದು. ಪವರ್ ಇಲ್ಲದಿದ್ದರೆ ದೀಪವೇ ಇರುವುದಿಲ್ಲ. ನಡೆದದ್ದು ಇಷ್ಟು: ಸರ್ವರ್ ಶಟ್‌ಡೌನ್ ಆಯಿತು, ಯುಪಿಎಸ್ ಮಾತ್ರ ಉಳಿದ ಬ್ಯಾಟರಿಯಲ್ಲಿ ಪವರ್ ಕೊಡುತ್ತಲೇ ಇತ್ತು, ಅಷ್ಟರಲ್ಲಿ ಕರೆಂಟ್ ಬಂತು. ಸರ್ವರ್ ಪಾಲಿಗೆ ಕರೆಂಟ್ ಹೋಗಲೇ ಇಲ್ಲ. ಹೋಗದೇ ಇದ್ದದ್ದು ಬಂದಿತು ಎಂದು ಅದಕ್ಕೆ ಹೇಗೆ ತಿಳಿಯಬೇಕು?

ಇದಕ್ಕೆ ಪರಿಹಾರ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಉಚಿತ ತಂತ್ರಾಂಶದಲ್ಲಿದೆ. ಶಟ್‌ಡೌನ್‌ನ ಕೊನೆಯ ಹಂತದಲ್ಲಿ ‘ನಿನ್ನ ಔಟ್‌ಪುಟ್ ಕಡಿ’ ಎಂದು ಅದು ಯುಪಿಎಸ್‌ಗೆ ಹೇಳುತ್ತದೆ. ನನ್ನ ಯುಪಿಎಸ್‌ನ ಯುಎಸ್‌ಬಿ ಡ್ರೈವರ್‌ನಲ್ಲಿ 20 ಸೆಕೆಂಡ್ ಬಿಟ್ಟು ಕಡಿಯುವ ಸೆಟ್ಟಿಂಗ್ ಮೊದಲೇ ಇರುತ್ತದೆ. ಆಮೇಲೆ ಕರೆಂಟ್ ಬಂದಾಗ ಯುಪಿಎಸ್ ಹೊಸದಾಗಿ ಪವರ್ ಕೊಡುತ್ತದೆ, ಸರ್ವರ್ ತಾನಾಗೇ ಏಳುತ್ತದೆ. ಎಲ್ಲ ಯುಪಿಎಸ್‌ಗಳೂ ಈ ಮಾತು ಕೇಳುವುದಿಲ್ಲ. ಕೊಳ್ಳುವ ಮುಂಚೆ ಆ ತಂತ್ರಾಂಶದ ಹೊಂದಾಣಿಕೆ ಪಟ್ಟಿಯನ್ನು ನೋಡಲೇಬೇಕು. ಬಯಾಸ್‌ನಲ್ಲಿ ಆನ್ ಆಗುವ ಮುಂಚೆ 60 ಸೆಕೆಂಡ್ ಕಾಯುವಂತೆಯೂ ಇಟ್ಟಿದ್ದೇನೆ. ನಮ್ಮ ಕಡೆ ಕರೆಂಟ್ ಬಂದ ತಕ್ಷಣ ಎರಡು ಮೂರು ಸಲ ಹೋಗಿ ಬರುವುದು ಮಾಮೂಲು.

ಆಫ್ ಆಗಿರುವ ಕಂಪ್ಯೂಟರನ್ನು ನೆಟ್‌ವರ್ಕ್ ಮೂಲಕ ಎಬ್ಬಿಸುವ ವೇಕ್ ಆನ್ ಲ್ಯಾನ್ ಕೂಡ ಇದೆ. ನೆಟ್‌ವರ್ಕ್ ಕಾರ್ಡ್‌ನ ವಿಳಾಸವನ್ನು 16 ಸಲ ಹೇಳುವ 102 ಬೈಟ್‌ನ ಒಂದು ಕರೆ, ಅಷ್ಟೇ. ಉತ್ತರ ಬರುವುದಿಲ್ಲ, ಎದ್ದಿತೋ ಇಲ್ಲವೋ ಗೊತ್ತಾಗುವುದಿಲ್ಲ. ಕಚೇರಿಯ ಹಳೆಯ ಡೆಸ್ಕ್‌ಟಾಪ್‌ಗೆ ಬಳಸುತ್ತೇನೆ. ಸರ್ವರ್‌ಗೆ ಇದನ್ನೇ ನಂಬಿಕೊಳ್ಳಬೇಡಿ.

ಐಲೋ ಬಗ್ಗೆ ಎರಡು ಎಚ್ಚರಿಕೆ. ಅದನ್ನು ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ಸರ್ವರನ್ನು ದೂರದಿಂದ ನಿಯಂತ್ರಿಸಲು ಐಲೋದಂಥ ನಿಯಂತ್ರಕಗಳು ಬಳಸುವ ಐಪಿಎಂಐ 2.0 ಎಂಬ ಸಂವಹನ ನಿಯಮದಲ್ಲೇ ಒಂದು ದೋಷ ಇದೆ, ಲಾಗಿನ್ ಆಗುವ ಮುಂಚೆಯೇ ಪಾಸ್‌ವರ್ಡ್‌ನ ಹ್ಯಾಶ್, ಅಂದರೆ ಅದರ ಸಂಕೇತ ರೂಪ, ಹೊರಗೆ ಸಿಗುತ್ತದೆ. ನಾನು ಐಪಿಎಂಐ ಮುಚ್ಚಿಟ್ಟಿದ್ದೇನೆ, ಐಲೋಗೆ ವಿಪಿಎನ್ (ಇಂಟರ್‌ನೆಟ್ ಮೇಲಿನ ಖಾಸಗಿ ಸುರಕ್ಷಿತ ದಾರಿ) ಮೂಲಕ ಮಾತ್ರ ಹೋಗುತ್ತೇನೆ. ಆ ವಿಪಿಎನ್ ರೌಟರ್ ಮೇಲೆ ಇರಲಿ, ಸರ್ವರ್ ಮೇಲೆ ಬೇಡ. ಸರ್ವರ್ ಮಲಗಿದಾಗಲೇ ಅಲ್ವಾ ನಮಗೆ ದಾರಿ ಬೇಕಾಗುವುದು? ಎರಡನೆಯದು, ಉಚಿತ ಲೈಸೆನ್ಸ್‌ನಲ್ಲಿ ಪವರ್ ಬಟನ್‌ಗಳೆಲ್ಲ ಸಿಗುತ್ತವೆ, ಆದರೆ ರಿಮೋಟ್ ಪರದೆ ಉಬುಂಟು ಶುರುವಾಗುವ ತನಕ ಮಾತ್ರ. ನನ್ನ ಕೆಲಸಕ್ಕೆ ಅಷ್ಟು ಸಾಕಾಗಿದೆ.

ಪ್ರತಿ ವರ್ಷ ಮೇ ಕೊನೆಯ ಭಾನುವಾರ ಕಚೇರಿಗೆ ಹೋಗಿ ಗೋಡೆಯ ಸ್ವಿಚ್ ಆಫ್ ಮಾಡಿ ಕೂರುತ್ತೇನೆ. ಬ್ಯಾಟರಿ ಇಳಿದು, ಸರ್ವರ್ ಮುಚ್ಚಿಕೊಂಡು, ಯುಪಿಎಸ್ ಆರಿದ ಮೇಲೆ ಸ್ವಿಚ್ ಹಾಕುತ್ತೇನೆ. ಮೊದಲು ಕಿತ್ತಳೆ, ಆಮೇಲೆ ಮಿನುಗುವ ಹಸಿರು, ಕೊನೆಗೆ ನಿಂತ ಹಸಿರು. ಕಳೆದ ಮೂರು ವರ್ಷ ನಾನು ಬಟನ್ ಮುಟ್ಟದೆಯೇ ಎದ್ದಿದೆ.